ನೆರಳನ್ನು ಅಳೆದ ವರ್ಷ

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಕೊಂಢವಾ ಬಡಾವಣೆಯ ಒಂದು ಮರಾಠಿ ಶಾಲೆಯದು. ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಕಾತ್ರಜದಲ್ಲಿ. ಬೆಳಿಗ್ಗೆ ಸಿಟಿ ಬಸ್ಸು ಹತ್ತಿ ಕೂತರೆ ದಾರಿಯುದ್ದಕ್ಕೂ ಅರ್ಧ ಕಟ್ಟಿದ ಕಟ್ಟಡಗಳು, ಮರಳಿನ ರಾಶಿಗಳು, ಲಾರಿಯ ಧೂಳು. ಶಾಲೆ ತಲುಪುವ ಹೊತ್ತಿಗೆ ಸೀರೆಯ ಬಣ್ಣವೇ ಬದಲಾಗಿರುತ್ತಿತ್ತು.

ಕೆಲಸ ಸಿಕ್ಕಿತೇನೋ ಸರಿ, ಆದರೆ ನನ್ನ ಮರಾಠಿ ಅಂಗಡಿಯಲ್ಲಿ ತರಕಾರಿ ಕೊಳ್ಳುವಷ್ಟರದು. ಹೆಡ್‌ಸರ್ ಅದನ್ನು ಮೊದಲ ದಿನವೇ ಕಂಡುಕೊಂಡರು. ನನ್ನನ್ನು ಕಳಿಸಿಬಿಡುವ ಬದಲು, ಬಿಡುವಿನ ಪಿರಿಯಡ್ಡುಗಳಲ್ಲಿ ವಿಜ್ಞಾನದ ಶಿಕ್ಷಕಿಯ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಕೂತು ಭಾಷೆ ಕಲಿಯಿರಿ ಅಂದರು. ಅಲ್ಲಿ ಶಿಕ್ಷಕಿಯರನ್ನೆಲ್ಲ ಮಕ್ಕಳು ‘ಬಾಯಿ’ ಎಂದೇ ಕರೆಯುತ್ತಿದ್ದರು. ಆದ್ದರಿಂದ ನಾನೂ ಅವರನ್ನು ಹಾಗೇ ಕರೆದೆ, ಕೊನೆಯವರೆಗೂ.

ಬಾಯಿ ಬೆಳಗಾವಿಯವರು. ಆಗಲೇ ಐವತ್ತು ದಾಟಿದ್ದರು. ಎತ್ತರದ ಹೆಂಗಸು, ಇಳಕಲ್ಲ ಸೀರೆ, ಕಾರಿಡಾರಿನ ಆ ತುದಿಯವರೆಗೆ ಕೇಳಿಸುವ ನಗು. ನನ್ನ ಜೊತೆ ಕನ್ನಡ, ಹೆಡ್‌ಸರ್ ಜೊತೆ ಮರಾಠಿ, ಚಹಾ ತರುವವನ ಜೊತೆ ಹಿಂದಿ, ಮೂರೂ ಒಂದೇ ಉಸಿರಿನಲ್ಲಿ. ಮಕ್ಕಳು ಅವರಿಗೆ ಇಟ್ಟ ಅಡ್ಡಹೆಸರು ‘ಕಶಾವರೂನ್ ಬಾಯಿ’. ‘ಕಶಾವರೂನ್’ ಅಂದರೆ ಮರಾಠಿಯಲ್ಲಿ ‘ಯಾತರ ಮೇಲಿಂದ ಹೇಳ್ತಿ?’ ಎಂದರ್ಥ. ಯಾವ ಮಗು ಏನೇ ಉತ್ತರ ಕೊಡಲಿ, ಸರಿಯಿರಲಿ ತಪ್ಪಿರಲಿ, ಬಾಯಿಯ ಬಾಯಲ್ಲಿ ಬರುತ್ತಿದ್ದುದು ಇದೇ ಪ್ರಶ್ನೆ. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ, ಸ್ವಲ್ಪ ಮುಂದೆ ಬಾಗಿ.

ತಪ್ಪು ಉತ್ತರಕ್ಕೂ ಅವರು ಅಷ್ಟೇ ಆಸ್ಥೆಯಿಂದ ಕಿವಿಗೊಡುವುದನ್ನು ಕಂಡು ನನಗೆ ಮೊದಮೊದಲು ಕಸಿವಿಸಿಯಾಗುತ್ತಿತ್ತು. ನಾನು ಓದಿದ ಶಾಲೆಯಲ್ಲಿ ತಪ್ಪು ಉತ್ತರಕ್ಕೆ ಸಿಗುತ್ತಿದ್ದುದು ಒಂದೇ ಮರ್ಯಾದೆ, ‘ಕುಂದರು ಕೆಳಗ’. ಒಮ್ಮೆ ಚಹಾ ಕುಡಿಯುವಾಗ ಕೇಳಿಯೇಬಿಟ್ಟೆ.

“ತಪ್ಪಂತ ಗೊತ್ತಿದ್ದೂ ಯಾಕ ಅಷ್ಟು ಕೇಳ್ತೀರಿ ಬಾಯಿ?”

“ಆ ಉತ್ತರ ಹುಡುಗಿ ಕಟ್ಟಿದ ಮನಿ ಅದ ನೋಡು,” ಅಂದರು. “ಎಲ್ಲಿ ಸೊಟ್ಟ ಆಗೇದ ಅಂತ ಒಳಗ ಹೋಗಿ ನೋಡಬೇಕೋ ಬ್ಯಾಡೋ? ಹೊರಗ ನಿಂತು ಕೆಡವಿದರ ಅಕಿ ಮತ್ತ ಹಂಗೇ ಕಟ್ತಾಳ.”

ನಾನು ಹೇಳಹೊರಟಿರುವ ಸಂಗತಿ ಶುರುವಾದದ್ದು ದೀಪಾವಳಿ ರಜೆ ಮುಗಿದು ಶಾಲೆ ತೆರೆದ ಮೇಲೆ, ಏಳನೇ ತರಗತಿಯಲ್ಲಿ. ಅಂದು ಒಬ್ಬ ಹುಡುಗ ಗಟ್ಟಿಯಾಗಿ ಓದುತ್ತಿದ್ದ. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಗ ನೆರಳು ಬೀಳುವುದಿಲ್ಲ ಎಂದು ಅವನ ಗೈಡಿನಲ್ಲಿ ಬರೆದಿತ್ತು. ನನ್ನ ಪಕ್ಕ, ಹಿಂದಿನ ಬೆಂಚಿನಲ್ಲಿ, ಒಬ್ಬ ಹುಡುಗಿ ಕೂರುತ್ತಿದ್ದಳು. ಅವಳ ತಂದೆ ಬಾಗಲಕೋಟೆಯ ಕಡೆಯಿಂದ ಬಂದು ಕೊಂಢವಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮೌನ. ಆ ಹುಡುಗಿ ತರಗತಿಯಲ್ಲಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವಳು ನನ್ನ ಕಡೆ ವಾಲಿ ಪಿಸುಗುಟ್ಟಿದಳು:

“ನೆರಳು ಬೀಳ್ತದರೀ.”

ಬಾಯಿಯ ಕಿವಿ ಬಲು ಚುರುಕು. “ಏನಂದಿ? ಜೋರಾಗಿ ಹೇಳು. ಕನ್ನಡದಾಗ ಹೇಳು, ಎಲ್ಲಾರಿಗೂ ನಾ ಮರಾಠಿ ಮಾಡಿ ಹೇಳ್ತೀನಿ.”

ಹುಡುಗಿ ಎದ್ದು ನಿಂತಳು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. “ಈಗ ಮಧ್ಯಾಹ್ನ ನಮ್ಮ ಅಂಗಡಿ ಒಳಗ ಬಿಸಿಲು ಬರಾಕತ್ತೈತ್ರಿ. ನೆತ್ತಿ ಮ್ಯಾಲೆ ಇದ್ದರ ಒಳಗ ಹ್ಯಾಂಗ ಬರ್ತಿತ್ತು? ಮ್ಯಾಲೆ ಛತ್ತು ಐತಲ್ರಿ.”

ಬಾಯಿ ಅದನ್ನು ಒಂದಕ್ಷರ ಬಿಡದೆ ಮರಾಠಿಗೆ ತಂದರು. ತರಗತಿ ಎರಡು ಪಂಗಡವಾಯಿತು. ಪುಸ್ತಕದಲ್ಲಿ ಬರೆದದ್ದು ಸುಳ್ಳಾಗುತ್ತದೆಯೇ ಎಂದು ಒಬ್ಬ. ಅವರ ಅಂಗಡಿಯ ಛತ್ತಿಗೆ ತೂತಿರಬೇಕು ಎಂದು ಇನ್ನೊಬ್ಬ. ಎಲ್ಲರೂ ನಕ್ಕರು. ಹುಡುಗಿ ಮಾತ್ರ ಕೂರಲಿಲ್ಲ.

ಬಾಯಿ ಯಾರ ಪರವೂ ಮಾತಾಡಲಿಲ್ಲ. “ಪುಸ್ತಕ ಒಂದು ಸಾಕ್ಷಿ. ಇನ್ನೊಂದು ಸಾಕ್ಷಿ ಹೊರಗ ಅಂಗಳದಾಗ ಅದ. ಅದನ್ನೂ ಕೇಳೋಣ ನಡೀರಿ,” ಎಂದು ಮಕ್ಕಳನ್ನೆಲ್ಲ ಹೊರಗೆ ಕರೆದುಕೊಂಡು ಹೋದರು. (ತರಗತಿಯ ಮಾತೆಲ್ಲ ಮರಾಠಿಯಲ್ಲೇ ನಡೆಯುತ್ತಿತ್ತು. ನನಗೆ ನೆನಪಿರುವುದು ನಮ್ಮ ಕನ್ನಡದಲ್ಲಿ, ಹಾಗೇ ಬರೆಯುತ್ತಿದ್ದೇನೆ.)

ಶಾಲೆಯ ಅಂಗಳದ ನಡುವೆ ಧ್ವಜಕಂಬ, ಅದರ ಬುಡಕ್ಕೆ ಒಂದು ಪುಟ್ಟ ಕಟ್ಟೆ, ಸುತ್ತ ಶಹಾಬಾದಿ ಫರಸಿಕಲ್ಲು ಹಾಸಿದ್ದರು. ಹನ್ನೆರಡಕ್ಕೆ ಹೋಗಿ ನೋಡಿದರೆ ಕಂಬದ ನೆರಳು ಕಾತ್ರಜದ ಗುಡ್ಡಗಳಿಗೆ ಬೆನ್ನು ಮಾಡಿ ಉದ್ದಕ್ಕೆ ಮಲಗಿತ್ತು. ಪುಸ್ತಕದ ಪಂಗಡ ಸೋಲೊಪ್ಪಲಿಲ್ಲ. “ಗಡಿಯಾರ ಮುಂದೆ ಇದೆ, ಇನ್ನೂ ಹನ್ನೆರಡಾಗಿಲ್ಲ,” ಎಂದರು. ಸರಿ, ಕಾಯೋಣ ಎಂದರು ಬಾಯಿ. ನೆರಳಿನ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದರು. ಹನ್ನೆರಡು ಕಳೆದ ಮೇಲೂ ನೆರಳು ಇಷ್ಟಿಷ್ಟೇ ಕುಗ್ಗುತ್ತಿತ್ತು. ಆಮೇಲೆ ಮತ್ತೆ ಬೆಳೆಯತೊಡಗಿತು. ಮಾಯವಂತೂ ಆಗಲಿಲ್ಲ. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು, ಮಕ್ಕಳಿಗೆ ಡಬ್ಬಿಯ ನೆನಪೇ ಇರಲಿಲ್ಲ.

ನಾನಾಗಿದ್ದರೆ ಅಲ್ಲೇ ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದೆ. ಸೂರ್ಯ ದಕ್ಷಿಣಕ್ಕೆ ಸರಿಯುತ್ತಾನೆ, ಮತ್ತೆ ಉತ್ತರಕ್ಕೆ ಬರುತ್ತಾನೆ, ಭೂಮಿಯ ಅಕ್ಷ ವಾಲಿದೆ, ಬರೆದುಕೊಳ್ಳಿ. ಬಾಯಿ ಕೇಳಿದ್ದು ಒಂದೇ ಮಾತು: “ನಾಳೆ ಎಲ್ಲಿ ಬೀಳ್ತದ?”

ಅಲ್ಲಿಂದ ವಾರಕ್ಕೊಮ್ಮೆ ಗುರುತು ಹಾಕುವ ರೂಢಿ ಬಿತ್ತು. ಡಿಸೆಂಬರ್ ಬರುವ ಹೊತ್ತಿಗೆ ನೆರಳು ಕಟ್ಟೆಯಿಂದ ಇನ್ನೂ ದೂರ ಚಾಚಿತು. ಮಕ್ಕಳು ತಮ್ಮ ತಮ್ಮಲ್ಲೇ ಕಾರಣ ಹುಡುಕತೊಡಗಿದರು. ಚಳಿಗಾಲದಲ್ಲಿ ಸೂರ್ಯ ದೂರ ಹೋಗುತ್ತಾನೆ, ದೂರದ ದೀಪಕ್ಕೆ ನೆರಳು ಉದ್ದ ಎಂದಳು ಒಬ್ಬಳು. ಬಾಯಿ ಅವಳ ಕೈಗೆ ಒಂದು ಟಾರ್ಚು ಕೊಟ್ಟರು. ಅವಳು ಪೆನ್ಸಿಲ್ಲಿನ ಮುಂದೆ ಟಾರ್ಚನ್ನು ಹಿಂದೆ ಮುಂದೆ ಒಯ್ದು, ಮೇಲೆ ಕೆಳಗೆ ಒಯ್ದು, ಕೊನೆಗೆ ತಾನೇ “ದೂರ ಅಲ್ಲ ಬಾಯಿ, ಕೆಳಗೆ ಇಳಿದಿದಾನೆ” ಎಂದಳು. ತನ್ನ ಮಾತನ್ನು ತಾನೇ ಹೀಗೆ ಬಿಟ್ಟುಕೊಟ್ಟು, ಅದರಿಂದ ಒಂದಿಷ್ಟೂ ಅವಮಾನಪಡದೆ, ಬದಲಿಗೆ ಗೆದ್ದವಳಂತೆ ಮುಖ ಅರಳಿಸಿದ ಮಗುವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹನ್ನೆರಡಕ್ಕೇ ನೆರಳು ಯಾಕೆ ಅತಿ ಚಿಕ್ಕದಾಗುವುದಿಲ್ಲ ಎಂಬುದು ಬಹಳ ದಿನ ಒಗಟಾಗಿಯೇ ಉಳಿಯಿತು. ಅದನ್ನು ಬಿಡಿಸಿದವನು ತರಗತಿಯಲ್ಲಿದ್ದ ಒಬ್ಬ ಸೈನಿಕನ ಮಗ. ತಂದೆಯ ಜೊತೆ ಅಸ್ಸಾಮಿನಲ್ಲಿ ಇದ್ದು ಬಂದವನು. ಅಲ್ಲಿ ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ದೀಪ ಹಚ್ಚಬೇಕಾಗುತ್ತಿತ್ತು, ಇಲ್ಲಿ ಐದಕ್ಕೆ ಕ್ರಿಕೆಟ್ ಆಡಬಹುದು, ಗಡಿಯಾರ ಮಾತ್ರ ಎರಡೂ ಕಡೆ ಒಂದೇ ಎಂದು ಅವನಿಗೆ ಹೊಳೆಯಿತು. ಮಕ್ಕಳು ಅದನ್ನು ಹಿಡಿದು ಎಳೆದಾಡಿ, ಕೊನೆಗೆ ಅವನೇ ಒಂದು ವಾಕ್ಯ ಮಾಡಿದ: “ಗಡಿಯಾರ ಇಡೀ ದೇಶದ್ದು, ನೆರಳು ನಮ್ಮ ಅಂಗಳದ್ದು.” ಬಾಯಿ ಅದನ್ನು ಹಲಗೆಯ ಮೂಲೆಯಲ್ಲಿ ಬರೆದು, ಅಳಿಸಬೇಡಿ ಎಂದು ಬಾಕಿ ಶಿಕ್ಷಕರಿಗೆ ಹೇಳಿಟ್ಟರು.

ಎಲ್ಲರಿಗೂ ಇದು ಹಿಡಿಸಿತೆಂದಲ್ಲ. ಪಾಠಗಳು ಹಿಂದೆ ಬಿದ್ದವು. ಸಿದ್ಧ ನೋಟ್ಸು ಬೇಕೆನ್ನುವ ಮಕ್ಕಳೂ ಇದ್ದರು. ಏನು ನಡೆಯುತ್ತಿದೆಯೆಂದೇ ತಿಳಿಯದೆ ಫರಸಿಯ ಅಂಚಿನಲ್ಲಿ ಸುಮ್ಮನೆ ನಿಂತಿರುತ್ತಿದ್ದವರನ್ನೂ ನಾನು ನೋಡಿದ್ದೇನೆ. ಬಾಯಿ ಕೂಡ ಅವರನ್ನು ನೋಡುತ್ತಿದ್ದರು, ಆದರೆ ಎಲ್ಲರನ್ನೂ ಹಿಡಿಯಲು ಅವರಿಗೂ ಆಗುತ್ತಿರಲಿಲ್ಲ. ಜನವರಿಯಲ್ಲಿ ಒಂದು ದಿನ ಹಾರ್ಡ್‌ವೇರ್ ಅಂಗಡಿಯ ಹುಡುಗಿಯ ತಂದೆಯೇ ಸಿಟ್ಟಿನಿಂದ ಬಂದರು. ನಾವಿಬ್ಬರೂ ಸ್ಟಾಫ್ ರೂಮಿನಲ್ಲಿದ್ದೆವು.

“ಅಕ್ಕಾರ, ಸಾಲಿಗೆ ಕಲೀಲಿ ಅಂತ ಕಳಿಸೇನ್ರಿ. ನೀವು ಹುಡುಗ್ರನ್ನ ಬಿಸಿಲಾಗ ನಿಂದ್ರಿಸಿ ನೆರಳು ಎಣಿಸಾಕ ಹಚ್ಚೀರಂತ. ಪರೀಕ್ಷಾದಾಗ ಏನು ಬರೀತಾಳ್ರಿ ಇಕಿ?”

“ಕೂಡ್ರಿ,” ಅಂದರು ಬಾಯಿ. “ಒಂದು ಮಾತು ಕೇಳ್ಲೇನ್ರಿ? ನಿಮ್ಮ ಅಂಗಡಿಯೊಳಗ ಬಿಸಿಲು ಬರ್ತದಂತಲ್ರಿ, ಯಾವಾಗ?”

ಆತ ಅನುಮಾನದಿಂದ ನೋಡಿದರು. “ದೀಪಾವಳಿ ಮುಂದ ಶುರು ಆಗ್ತದ್ರಿ. ಸಂಕ್ರಾಂತಿ ತನಕಾ ಭಾಳ ಒಳಗ ಬರ್ತದ. ಬಣ್ಣದ ಡಬ್ಬಿ ಸರಿಸಿಡಬೇಕಾಗ್ತದ್ರಿ, ಇಲ್ಲಾಂದ್ರ ಲೇಬಲ್ಲು ಬೆಳ್ಳಗಾಗ್ತಾವ.”

“ಬ್ಯಾಸಿಗ್ಯಾಗ?”

“ಬ್ಯಾಸಿಗ್ಯಾಗ ಹೊಸ್ತಿಲಾನೂ ದಾಟೂದಿಲ್ರಿ.” ಹೇಳಿ ಆತ ತಾವೇ ತಡವರಿಸಿದರು. ಬಿಸಿಲು ಹೆಚ್ಚಿದ್ದಾಗ ಒಳಗೆ ಬರುವುದಿಲ್ಲ, ಕಡಿಮೆ ಇದ್ದಾಗ ಬರುತ್ತದೆ. ಈ ವಿಚಿತ್ರವನ್ನು ಅವರು ಅದಕ್ಕೆ ಮೊದಲು ಒಟ್ಟಿಗೆ ಇಟ್ಟು ನೋಡಿರಲಿಲ್ಲವೆಂದು ಕಾಣುತ್ತದೆ. “ಹೌದಲ್ರಿ, ಅದ್ಯಾಕ ಹಂಗ?”

“ನನ್ನ ಕೇಳಬ್ಯಾಡ್ರಿ. ನಿಮ್ಮ ಮಗಳನ್ನ ಕೇಳ್ರಿ. ಇವತ್ತ ಊಟಕ್ಕ ಕೂತಾಗ ಕೇಳ್ರಿ.”

ಆ ಊಟದಲ್ಲಿ ಏನು ಮಾತಾಯಿತೋ ನಮಗೆ ತಿಳಿಯದು. ಸೋಮವಾರ ಹುಡುಗಿ ಬಂದಾಗ ಅವಳ ಕೈಯಲ್ಲಿ ಕೆಂಪು ಆಯಿಲ್ ಪೇಂಟಿನ ಒಂದು ಪುಟ್ಟ ಡಬ್ಬಿ, ಒಂದು ಬ್ರಶ್ಶು. “ಸೀಮೆಸುಣ್ಣ ಅಳಿಸಿ ಹೋಗ್ತೈತಿ, ಇದರಲೆ ಹಚ್ಚಂತ ಅಪ್ಪಾ ಕೊಟ್ಟಾರ್ರಿ,” ಎಂದಳು. ಅದನ್ನು ಅವಳು ಇಡೀ ತರಗತಿಗೆ ಕೇಳುವಂತೆ ಮರಾಠಿಯಲ್ಲೇ ಹೇಳಿದಳು.

ಫೆಬ್ರವರಿಯಲ್ಲಿ ಶಾಲಾ ತಪಾಸಣೆ. ಹೆಡ್‌ಸರ್ ವಾರದಿಂದ ನಿದ್ದೆ ಮಾಡಿರಲಿಲ್ಲ. ತಪಾಸಣೆಗೆ ಬಂದ ಸಾಹೇಬರು ನೇರವಾಗಿ ಏಳನೇ ತರಗತಿಗೇ ನುಗ್ಗಿ, ಎಲ್ಲರೂ ಕೇಳುವಂಥ ಸುಲಭದ ಪ್ರಶ್ನೆಯನ್ನೇ ಕೇಳಿದರು.

“ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ಎಲ್ಲಿರ್ತಾನೆ?”

ಯಾರೂ ಕೈ ಎತ್ತಲಿಲ್ಲ. ಹೆಡ್‌ಸರ್ ಮುಖ ಬಿಳಿಚಿತು. ಆಮೇಲೆ ಮುಂದಿನ ಸಾಲಿನ ಒಬ್ಬ ಎದ್ದು ಕೇಳಿದ: “ಯಾವ ತಿಂಗಳಲ್ಲಿ ಸರ್?” ಅವನ ಹಿಂದೆಯೇ ಇನ್ನೊಬ್ಬಳು: “ಗಡಿಯಾರದ ಹನ್ನೆರಡೋ, ನೆರಳಿನ ಹನ್ನೆರಡೋ ಸರ್?”

ಸಾಹೇಬರು ಬಾಯಿಯ ಕಡೆ ತಿರುಗಿದರು. ಬಾಯಿ ನೆಲ ನೋಡುತ್ತ ನಿಂತಿದ್ದರು. ನಗು ತಡೆಯಲಿಕ್ಕೆಂದು ಆಮೇಲೆ ಹೇಳಿದರು. “ಇದೇನಿದು?” ಎಂದು ಸಾಹೇಬರು ಗದರಿದಾಗ ಸೈನಿಕನ ಮಗ “ತೋರಿಸ್ತೀವಿ ಬನ್ನಿ ಸರ್” ಎಂದು ಹೊರಟೇಬಿಟ್ಟ. ಅವರನ್ನು ಕಂಬದ ಹತ್ತಿರ ನಿಲ್ಲಿಸಿ ಮಕ್ಕಳು ಸೀಮೆಸುಣ್ಣದ ಮೇಲೆ ಕೆಂಪು ಬಳಿದಿದ್ದ ಗುರುತುಗಳನ್ನು ಒಂದೊಂದಾಗಿ ತೋರಿಸಿದರು. ಡಿಸೆಂಬರಿನ ಕೊನೆಯವರೆಗೆ ದೂರ ಹೋದದ್ದು, ಅಲ್ಲಿಂದ ಮರಳಿ ಕಂಬದ ಕಡೆ ಬರುತ್ತಿರುವುದು. ಸಾಹೇಬರು ಕೈಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದರು. ಹೆಡ್‌ಸರ್ ಕೋಣೆಯಲ್ಲಿ ಅವರಿಗಾಗಿ ಇಟ್ಟ ಪೂರಿ ಆರಿ ಚಪ್ಪಟೆಯಾಗುತ್ತಿತ್ತು. ಆ ಮನುಷ್ಯ ಒಂದು ಗಂಟೆಯವರೆಗೂ ಬಿಸಿಲಲ್ಲೇ ನಿಂತು, ನೆರಳು ಕುಗ್ಗಿ ಮತ್ತೆ ಹೊರಳುವುದನ್ನು ತಾವೇ ನೋಡಿದರು.

“ಇದು ಮುಂದೆ ಎಲ್ಲಿಗೆ ಹೋಗ್ತದೆ?” ಎಂದು ಅವರು ಬಾಯಿಯನ್ನು ಕೇಳಿದರು. ಉತ್ತರ ಬಂದದ್ದು ಹಾರ್ಡ್‌ವೇರ್ ಅಂಗಡಿಯ ಹುಡುಗಿಯಿಂದ. “ಹೀಗೇ ಬಂದರೆ ಮೇ ತಿಂಗಳಲ್ಲಿ ಕಂಬದ ಬುಡಕ್ಕೆ ಬರ್ತದೆ ಸರ್. ಆಗ ಪುಸ್ತಕದ ಮಾತು ಖರೆ ಆಗ್ತದೆ.”

ತಪಾಸಣೆಯ ವರದಿಯಲ್ಲಿ ಏನು ಬರೆದರೋ, ನಾನು ನೋಡಲಿಲ್ಲ. ಹೋಗುವಾಗ ಸಾಹೇಬರು ಬಾಯಿಗೆ ಕೈ ಮುಗಿದದ್ದನ್ನು ನೋಡಿದೆ.

ಈ ಉತ್ಸಾಹದಲ್ಲಿ ನಾನೂ ನನ್ನ ಐದನೇ ತರಗತಿಯಲ್ಲಿ ಇದೇ ಪ್ರಯೋಗಕ್ಕೆ ಕೈ ಹಾಕಿದೆ. ಮಣ್ಣಿನ ಮಡಕೆಯಲ್ಲಿ ನೀರು ಯಾಕೆ ತಂಪಾಗುತ್ತದೆ ಎಂದು ಕೇಳಿ ಸುಮ್ಮನೆ ನಿಂತೆ. ಮಕ್ಕಳು ಒಂದೊಂದು ಉತ್ತರ ಎಸೆದು, ನನ್ನ ಮುಖ ನೋಡಿ, ಅದಲ್ಲವೆಂದು ತಿಳಿದು ಬೇರೆಯದನ್ನು ಎಸೆಯುತ್ತಿದ್ದರು. ಪಿರಿಯಡ್ಡು ಮುಗಿಯುವ ಹೊತ್ತಿಗೆ ಬರೀ ಗದ್ದಲ ಉಳಿಯಿತು. ಬೇಸರದಿಂದ ಬಾಯಿಗೆ ಹೇಳಿಕೊಂಡೆ.

“ನಿನ್ನ ಮನಸಿನಾಗ ಏನದ ಅನ್ನೂದನ್ನ ಹುಡುಕ್ಲಿಕ್ಕತ್ತಾರ ಅವರು. ಮಡಕಿ ನೋಡ್ಲಿಕ್ಕತ್ತಿಲ್ಲ,” ಅಂದರು ಬಾಯಿ. “ಕೇಳೂದೊಂದ ಅಲ್ಲ, ಅವರ ಕೈಗೆ ಏನರ ಕೊಡಬೇಕು. ಒಂದು ಮಣ್ಣಿನ ಮಡಕಿ, ಒಂದು ಸ್ಟೀಲಿನ ತಂಬಿಗಿ, ಒಂದು ಒದ್ದಿ ಅರಬಿ ಇಟ್ಟು ನೀ ಬಾಜೂಕ ಸರಿ.”

“ಮತ್ತ ಎಲ್ಲಾನೂ ಅವರ ಕಂಡು ಹಿಡೀಬೇಕಂದ್ರ ನಾವ್ಯಾಕ ಬೇಕ್ರಿ?”

“ಎಲ್ಲಾನೂ ಹ್ಯಾಂಗ ಕಂಡು ಹಿಡೀತಾರ? ‘ಕರ್ಕವೃತ್ತ’ ಅನ್ನೋ ಶಬ್ದ ಅಂಗಳದಾಗ ಬಿದ್ದಿರತದೇನು? ಅದನ್ನ ನಾವ ಹೇಳಬೇಕು. ಆದರ ಅವರಿಗೆ ಬೇಕಾದಾಗ ಹೇಳಬೇಕು. ಹಸಿವಿ ಆಗೂದ್ರೊಳಗ ತುರುಕಬಾರದು.”

ಮರುವಾರ ಮಡಕೆ, ತಂಬಿಗೆ, ಬಟ್ಟೆ ಇಟ್ಟು ಬದಿಗೆ ಸರಿದೆ. ಒದ್ದೆ ಬಟ್ಟೆ ಸುತ್ತಿದ ತಂಬಿಗೆಯ ನೀರೂ ತಂಪಾಯಿತೆಂದು ಒಂದು ಮಗು ಕೂಗಿದಾಗ ನನ್ನ ಮೈ ಜುಮ್ಮೆಂದಿತು. ಅದು ಪೂರ್ತಿ ಸರಿಯಾದ ಪಾಠವೇನಲ್ಲ. ಆದರೆ ಅಂದು ತರಗತಿಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ.

ಮೇ ತಿಂಗಳಲ್ಲಿ ಶಾಲೆಗೆ ರಜೆ. ಆದರೂ ಮಕ್ಕಳು ತಾವೇ ಲೆಕ್ಕ ಹಾಕಿದ ದಿನಗಳಲ್ಲಿ ಶಾಲೆಗೆ ಬರುತ್ತೇವೆಂದು ಹಟ ಹಿಡಿದರು. ಕೆಲವರು ಊರಿಗೆ ಹೋಗಿದ್ದರು, ಉಳಿದವರು ಟೊಪ್ಪಿಗೆ ಹಾಕಿ, ನೀರಿನ ಬಾಟಲಿ ಹಿಡಿದು ಬಂದರು. ಹಾರ್ಡ್‌ವೇರ್ ಅಂಗಡಿಯ ಹುಡುಗಿಯ ತಂದೆಯೂ ಬಾಗಿಲೆಳೆದು ಬಂದಿದ್ದರು. ಮೊದಲ ದಿನ ತೆಳ್ಳಗೆ ಒಂದು ನೆರಳು ಉಳಿದಿತ್ತು. ಆಮೇಲೊಂದು ದಿನ, ಹನ್ನೆರಡೂವರೆಯ ಸುಮಾರಿಗೆ, ಅದು ಕಟ್ಟೆಯನ್ನು ಹತ್ತಿ, ಕಂಬದ ಬುಡಕ್ಕೆ ಬಂದು, ಇಲ್ಲವಾಯಿತು.

ಎತ್ತರದ ಆ ಕಂಬ ನೆರಳಿಲ್ಲದೆ ನಿಂತಿತ್ತು. ಸುತ್ತ ನಿಂತಿದ್ದ ನಮ್ಮೆಲ್ಲರ ನೆರಳುಗಳೂ ನಮ್ಮ ಚಪ್ಪಲಿಯ ಕೆಳಗೆ ಸೇರಿಕೊಂಡಿದ್ದವು. ಅಂಗಳ ಯಾಕೋ ಚಿತ್ರದ ಹಾಗೆ ಕಂಡಿತು. ಮಕ್ಕಳು ಕುಣಿಯತೊಡಗಿದರು. ನಾನು ಬಾಯಿಯ ಕಡೆ ನೋಡಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

“ನೀವು ಮೊದಲೂ ನೋಡೀರಲ್ರಿ?” ಎಂದೆ.

“ಇಲ್ಲವಾ. ಕಾಗದದ ಮ್ಯಾಲೆ ಗೊತ್ತಿತ್ತು. ಕಣ್ಣಲೆ ಇವತ್ತ ನೋಡ್ಲಿಕ್ಕತ್ತೀನಿ.”

ಜೂನಿನಲ್ಲಿ ಶಾಲೆ ತೆರೆದಾಗ ಮೋಡ ಕವಿದಿತ್ತು. ಒಂದು ಮಧ್ಯಾಹ್ನ ಮೋಡ ಸರಿದು ಬಿಸಿಲು ಬಿದ್ದಾಗ ಹಾರ್ಡ್‌ವೇರ್ ಅಂಗಡಿಯ ಹುಡುಗಿ ಏದುಸಿರು ಬಿಡುತ್ತ ಸ್ಟಾಫ್ ರೂಮಿಗೆ ಓಡಿಬಂದಳು. “ಬಾಯಿ, ನೆರಳು ಉಲಟಾ ಆಗೈತ್ರಿ! ಗುಡ್ಡದ ಕಡೆ ಬಿದ್ದೈತಿ!” ವರ್ಷವೆಲ್ಲ ಉತ್ತರಕ್ಕೆ ಬೀಳುತ್ತಿದ್ದ ಕಂಬದ ನೆರಳು ಈಗ ಮೊಳದುದ್ದ ದಕ್ಷಿಣಕ್ಕೆ ಬಿದ್ದಿತ್ತು. ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಆಚೆ ಹೋಗಿದ್ದ. ಹಾಗಾಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸೂರ್ಯ ಉತ್ತರಕ್ಕೆ ಹೋಗಿ ಹಿಂತಿರುಗುವ ಗೆರೆಗೆ ‘ಕರ್ಕವೃತ್ತ’ ಎಂಬ ಶಬ್ದವನ್ನು ಬಾಯಿ ಹಲಗೆಯ ಮೇಲೆ ಬರೆದದ್ದು ಆ ದಿನ.

ಕೆಲ ವರ್ಷಗಳ ನಂತರ ಬಾಯಿ ನಿವೃತ್ತರಾಗಿ ಬೆಳಗಾವಿಗೆ ಹೋದರು. ಸ್ವಾರಗೇಟ ನಿಲ್ದಾಣದಲ್ಲಿ ಬಸ್ಸು ಹತ್ತಿಸಲು ನಾವೆಲ್ಲ ಹೋಗಿದ್ದೆವು. ವಿಜ್ಞಾನದ ತರಗತಿಗಳು ನನ್ನ ಪಾಲಿಗೆ ಬಂದವು. ಅವರಷ್ಟು ತಾಳ್ಮೆ ನನಗೆ ಬರಲಿಲ್ಲ. ಅವಸರವಾದಾಗ ಹೇಳಿ ಬರೆಸಿದ್ದೂ ಉಂಟು. ಆದರೂ ವರ್ಷಕ್ಕೆ ಕೆಲವು ಪಾಠಗಳನ್ನಾದರೂ ಮಕ್ಕಳ ಕೈಗೆ ಬಿಟ್ಟೆ.

ಎರಡು ಸಾವಿರದ ದಶಕದ ನಡುವೆ ಹೊಸ ಪಠ್ಯಕ್ರಮದ ಗಾಳಿ ಬೀಸಿ, ನಮಗೆಲ್ಲ ತರಬೇತಿ ಶಿಬಿರ ಇಟ್ಟರು. ಅಲ್ಲಿ ಮೊದಲ ಬಾರಿಗೆ ‘ಜ್ಞಾನರಚನಾವಾದ’ ಎಂಬ ಶಬ್ದ ಕೇಳಿದೆ. ಅರಿವು ಎನ್ನುವುದು ಗುರು ಸುರಿದು ಶಿಷ್ಯ ತುಂಬಿಸಿಕೊಳ್ಳುವ ಪದಾರ್ಥವಲ್ಲ, ಮಗು ತನಗೆ ಮೊದಲೇ ಗೊತ್ತಿರುವುದರ ಮೇಲೆ ತಾನೇ ಕಟ್ಟಿಕೊಳ್ಳುವುದು ಎಂದು ಒಬ್ಬ ತಜ್ಞರು ವೇದಿಕೆಯ ಮೇಲಿಂದ ಊಟದ ಹೊತ್ತಿನವರೆಗೂ ಒಂದೇ ಸಮ ಸುರಿದರು. ನಾವು ತಲೆ ಬಗ್ಗಿಸಿ ಬರೆದುಕೊಂಡೆವು. ನನ್ನ ಪಕ್ಕದವರು ಆಕಳಿಸುತ್ತಿದ್ದರು. ನನಗೆ ಮಾತ್ರ ಎದೆ ತುಂಬಿ ಬಂದಿತ್ತು. ನಾನು ಕಣ್ಣಾರೆ ಕಂಡದ್ದಕ್ಕೆ ಇಷ್ಟು ದೊಡ್ಡ ಹೆಸರಿದೆ, ಅದರ ಬಗ್ಗೆ ದೇಶವಿದೇಶಗಳಲ್ಲಿ ಯೋಚಿಸಿದವರಿದ್ದಾರೆ!

ಊಟದ ಬಿಡುವಿನಲ್ಲಿ ಬೆಳಗಾವಿಗೆ ಫೋನು ಮಾಡಿದೆ. “ಬಾಯಿ, ನೀವು ಮಾಡ್ತಿದ್ದದ್ದಕ್ಕ ಒಂದು ವಾದಾನ ಅದರೀ!” ಎಂದು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಛಲೋ ಆತು ಬಿಡು,” ಅಂದರು. “ಇಲ್ಲಿ ನನ್ನ ಕಥಿ ಕೇಳು. ತಮ್ಮನ ಮಗ ಮನ್ಯಾಗ ಕಂಪ್ಯೂಟರ್ ತಂದಾನ. ನನಗ ಕಲಸ್ಲಿಕ್ಕತ್ತಾನ. ಭಾಳ ಶಾಣ್ಯಾ ಹುಡುಗ, ಆದರ ಮೌಸು ನನ್ನ ಕೈಯಾಗ ಕೊಡವಲ್ಲ. ‘ಅತ್ಯಾ, ಹಿಂಗ ಮಾಡಬೇಕು, ನೋಡು’ ಅಂತಾನ, ಟಕಾಟಕಾ ಒತ್ತತಾನ, ಮುಗೀತು. ನಿನ್ನೆ ಅವನನ್ನ ಹೊರಗ ಹಾಕಿ ಬಾಗಲಾ ಮುಚ್ಚಿಕೊಂಡು ಕೂತೆ.”

“ಆಮ್ಯಾಲೆ?”

“ಅವನು ಬರೆದಿಟ್ಟದ್ದೇನೋ ಒಂದು ಅಳಿಸಿ ಹೋತು. ಬಾಗಲಾ ಬಡೀಲಿಕ್ಕತ್ತಿದ್ದ ಪಾಪ.” ಫೋನಿನ ಆ ತುದಿಯಲ್ಲಿ ಅವರು ನಗತೊಡಗಿದರು, ಶಿಬಿರದ ಗಂಟೆ ಹೊಡೆದರೂ ನಾನು ಕೇಳುತ್ತಲೇ ನಿಂತಿದ್ದೆ.